ಟಂಕಸಾಲೆಯ ದೇವರು

ಒಂಟಿಕೊಪ್ಪಲ್ ಎಂದೊಡನೆ ಮೈಸೂರಿನಾಚೆಯ ಕನ್ನಡದ ಮನೆಗಳಿಗೆ ನೆನಪಾಗುವುದು ಬಡಾವಣೆಯಲ್ಲ, ಪಂಚಾಂಗ. ಮೂಲೆಗೆ ದಾರ ಪೋಣಿಸಿ ಮೊಳೆಗೆ ನೇತುಹಾಕಿದ ಆ ಪುಸ್ತಕವನ್ನು ವೈಶಾಖ ಬಂದಾಗ ಇಳಿಸಿ, ತದಿಗೆ ಎಷ್ಟು ಹೊತ್ತಿನವರೆಗೆ ಇದೆಯೆಂದು ನೋಡಿ, ಮತ್ತೆ ಮೊಳೆಗೆ ಸಿಕ್ಕಿಸಿ ಚಿನ್ನದಂಗಡಿಗೆ ಹೊರಡುವುದು ಈಗ ಅನೇಕರ ರೂಢಿ. ಅಕ್ಷಯ ತೃತೀಯೆಯಂದು ಒಡವೆ ಕೊಳ್ಳಲು ಕೈ ಸಾಲದವರು ಒಂದೋ ಎರಡೋ ಗ್ರಾಮಿನ ನಾಣ್ಯ ತರುತ್ತಾರೆ. ಅದರ ಒಂದು ಮುಖದಲ್ಲಿ ಕಮಲದ ಮೇಲೆ ಕೂತ ಲಕ್ಷ್ಮಿ, ಇಲ್ಲವೇ ತಿರುಪತಿಯ ತಿಮ್ಮಪ್ಪ. ಮನೆಗೆ ಬಂದ ನಾಣ್ಯ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಗೂಡು ಸೇರುತ್ತದೆ. ಇದೇ ಬಡಾವಣೆಯಲ್ಲಿ ವೈಕುಂಠ ಏಕಾದಶಿಯ ದಿನ ಉದ್ದನೆಯ ಸಾಲು ನಿಲ್ಲುವ ಲಕ್ಷ್ಮೀವೆಂಕಟರಮಣಸ್ವಾಮಿ ದೇವಸ್ಥಾನವೂ ಇದೆ, ಗುಡಿಯ ಕಟ್ಟುಗಳನ್ನು ಜೀವಮಾನವೆಲ್ಲ ಪ್ರಶ್ನಿಸಿದ ಕುವೆಂಪು ಅವರ ಮನೆ 'ಉದಯರವಿ'ಯೂ ಇದೆ. ಎರಡೂ ಕಡೆಯಿಂದ ಈ ನಾಣ್ಯಕ್ಕೆ ಆಕ್ಷೇಪ ಬರಬಹುದು. ದೇವರನ್ನು ದುಡ್ಡಿನ ಮೇಲೆ ಒತ್ತುವುದು ಅಪಚಾರ ಎಂದು ಆಸ್ತಿಕರು ಹೇಳಬಹುದು, ದುಡ್ಡಿಗೆ ದೇವರ ಮುಖವಾಡ ತೊಡಿಸಿ ವ್ಯಾಪಾರ ಮಾಡುವುದು ಮೋಸ ಎಂದು ವಿಚಾರವಾದಿಗಳು ಹೇಳಬಹುದು. ನಾಣ್ಯದ ಮೇಲಿನ ದೇವರು ಪೂಜೆಗೆ ಬಂದವನೆಂದು ಇಬ್ಬರೂ ಒಪ್ಪಿಕೊಂಡೇ ಜಗಳ ಆಡುತ್ತಾರೆ. ಮೈಸೂರು ಸೀಮೆಯ ಹಳೆಯ ಚಿನ್ನದ ನಾಣ್ಯಗಳನ್ನು ನೋಡಿದರೆ ಆ ಒಪ್ಪಿಗೆಯೇ ತಪ್ಪೆಂದು ಕಾಣುತ್ತದೆ. ಇಲ್ಲಿನ ಟಂಕಸಾಲೆಗಳು ದೇವರನ್ನು ಅಚ್ಚುಹಾಕಿದ್ದು ಪೂಜೆಗಲ್ಲ, ಸಾಕ್ಷಿಗೆ. ಸಾಕ್ಷಿಗೆ ನಿಂತ ದೇವರು ಬೇರೆ, ಗರ್ಭಗುಡಿಯ ದೇವರು ಬೇರೆ ಎಂಬ ವಿವೇಕ ನಮ್ಮ ಹಿಂದಿನವರಿಗೆ ಇತ್ತು.

ಮೊದಲು ಕಂಠೀರಾಯಿ ಹಣವನ್ನೇ ನೋಡೋಣ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ನಡೆಸಿ ಹೊರಡಿಸಿದ ಚಿನ್ನದ ನಾಣ್ಯ ಅದು. ತೂಕ ಅರ್ಧ ಗ್ರಾಮಿಗೂ ಕಡಿಮೆ, ಅಗಲ ತೊಗರಿಕಾಳಿನಷ್ಟು. ಅಷ್ಟರಲ್ಲೇ ಒಂದು ಕಡೆ ನರಸಿಂಹ, ಇನ್ನೊಂದು ಕಡೆ ನಾಗರಿ ಲಿಪಿಯ ಮೂರು ಸಾಲುಗಳಲ್ಲಿ ಒಡೆದು ಬರೆದ 'ಶ್ರೀ ಕಂಠೀರವ'. ಅಚ್ಚು ನಾಣ್ಯಕ್ಕಿಂತ ದೊಡ್ಡದಾದ್ದರಿಂದ ಪೂರ್ತಿ ನರಸಿಂಹ ಮೂಡಿದ ನಾಣ್ಯ ಅಪರೂಪ. ಒಂದರಲ್ಲಿ ಕೈ ಇಲ್ಲ, ಒಂದರಲ್ಲಿ ತಲೆ ಅರ್ಧ. ಪೂಜಾಮೂರ್ತಿಯಾಗಿದ್ದರೆ ಇಂಥ ಅಂಗಹೀನ ವಿಗ್ರಹವನ್ನು ಯಾವ ಆಗಮವೂ ಒಪ್ಪುತ್ತಿರಲಿಲ್ಲ. ಸಂತೆಯಲ್ಲಿ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ. ಅಲ್ಲಿ ಬೇಕಾದದ್ದು 'ಇದು ಅದೇ ಹಣ' ಎಂಬ ಗುರುತು, ಆ ಗುರುತಿಗೆ ಅರ್ಧ ನರಸಿಂಹ ಸಾಕು. ಇಂಥ ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಾಹ ಎಂದು ಲೆಕ್ಕ. ಆದರೆ ಕಂಠೀರಾಯಿ ವರಾಹ ಎಂಬ ನಾಣ್ಯ ಯಾರ ಕೈಯಲ್ಲೂ ಇರಲಿಲ್ಲ. ಅದು ಕಡತದಲ್ಲಿ ಮಾತ್ರ ಇದ್ದ ನಾಣ್ಯ. ಶಾನುಭೋಗರು ಕಂದಾಯವನ್ನು ಅದರಲ್ಲಿ ಬರೆಯುತ್ತಿದ್ದರು, ರೈತ ಹಣದಲ್ಲಿ ತೆರುತ್ತಿದ್ದ. ರಾಜ್ಯದ ಲೆಕ್ಕವೆಲ್ಲ ಒಂದು ಇಲ್ಲದ ನಾಣ್ಯದ ಮೇಲೆ ನಿಂತು ನಡೆಯಿತೆಂದರೆ, ನಾಣ್ಯದ ಪ್ರಾಣ ಲೋಹದಲ್ಲೂ ಇಲ್ಲ, ಚಿತ್ರದಲ್ಲೂ ಇಲ್ಲ, ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಇರುವ ಮಾತಿನಲ್ಲಿದೆ. ಆ ಮಾತಿಗೆ ಯಾರಾದರೂ ಸಾಕ್ಷಿ ಬೇಕು. 1799ರ ನಂತರ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, ರಾಜ್ಯವೇ ತಲೆಕೆಳಗಾಗಿ ಎದ್ದ ಮೇಲೆ, ಹೊಸ ದೇವರನ್ನೋ ಹೊಸ ರಾಜನ ಹೆಸರನ್ನೋ ಹುಡುಕದೆ ಅದೇ ನರಸಿಂಹನ ಹಣವನ್ನು ಮತ್ತೆ ಅಚ್ಚುಹಾಕಿದ್ದಕ್ಕೆ ಇದೇ ಕಾರಣ. ಜನ ಅದನ್ನು ಗಿಡ್ಡ ಕಂಠೀರಾಯಿ ಎಂದು ಕರೆದು ಸುಮ್ಮನಾದರು.

ಸಾಕ್ಷಿ ಎಂಬ ಮಾತಿಗೆ ಇನ್ನೂ ಗಟ್ಟಿಯಾದ ಆಧಾರ ನಿಜವಾಗಿ ಕೈಯಿಂದ ಕೈಗೆ ನಡೆದ ಚಿನ್ನದ ವರಾಹಗಳ ಮೇಲಿನ ಉಮಾಮಹೇಶ್ವರರದು. ತ್ರಿಶೂಲ, ಜಿಂಕೆ ಹಿಡಿದು ಕೂತ ಶಿವ, ಪಕ್ಕದಲ್ಲಿ ಪಾರ್ವತಿ. ವಿಜಯನಗರದ ಎರಡನೆಯ ಹರಿಹರನ ಕಾಲದಿಂದ ಈ ಜೋಡಿ ಚಿನ್ನದ ಮೇಲೆ ಕಾಣುತ್ತದೆ. ಸಾಮ್ರಾಜ್ಯ ಕುಸಿದ ಮೇಲೆ ಕೆಳದಿಯ ನಾಯಕರು ಇದನ್ನೇ ಎತ್ತಿಕೊಂಡು, ಹಿಂಬದಿಗೆ 'ಶ್ರೀ ಸದಾಶಿವ' ಎಂದು ನಾಗರಿಯಲ್ಲಿ ಒತ್ತಿ ಇಕ್ಕೇರಿ ವರಾಹ ಹೊರಡಿಸಿದರು. ಕೆಳದಿಯವರು ವೀರಶೈವರು. ಅಂಗೈಯ ಇಷ್ಟಲಿಂಗವೇ ಅವರ ದೇವರು. ಕೈಕಾಲುಳ್ಳ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಪ್ರತಿಮೆಯಲ್ಲ. ಸ್ವಂತ ಭಕ್ತಿಯನ್ನು ನಾಣ್ಯದಲ್ಲಿ ಸಾರುವುದೇ ಉದ್ದೇಶವಾಗಿದ್ದರೆ ಅವರು ಲಿಂಗವನ್ನೇ ಒತ್ತಬೇಕಿತ್ತು. ಬಂದರಿನ ವರ್ತಕರಿಗೆ, ಮೆಣಸಿನ ವ್ಯಾಪಾರಿಗಳಿಗೆ ಪರಿಚಯವಿದ್ದದ್ದು ವಿಜಯನಗರದ ಜೋಡಿ, ಅದಕ್ಕೇ ಅವರನ್ನು ಉಳಿಸಿಕೊಂಡರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅವನಿಗೆ ಅಲ್ಲಿಯ ಖಜಾನೆಯ ಜೊತೆಗೆ ಈ ಜೋಡಿಯೂ ಸಿಕ್ಕಿತು. ಅವನ ಬಹಾದ್ದೂರಿ ವರಾಹದಲ್ಲಿ ಶಿವಪಾರ್ವತಿಯರು ಇದ್ದಲ್ಲೇ ಇದ್ದಾರೆ. ಹಿಂಬದಿಯಲ್ಲಿ ಸದಾಶಿವನ ಹೆಸರು ಹೋಗಿ, ಚುಕ್ಕಿಗಳ ಹಾಸಿನ ಮೇಲೆ ಹೈದರನ ಹೆಸರಿನ ಮೊದಲ ಪಾರಸಿ ಅಕ್ಷರ ಒಂದೇ ಒಂದು ಕೂತಿದೆ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಆ ಅಕ್ಷರವನ್ನು ತೆಗೆಸಿ 'ಶ್ರೀ ಕೃಷ್ಣರಾಜ' ಎಂದು ಬರೆಸಿದರು. ಶಿವಪಾರ್ವತಿಯರು ಆಗಲೂ ಕದಲಲಿಲ್ಲ. ವೀರಶೈವ ನಾಯಕರು, ಮುಸಲ್ಮಾನ ನವಾಬ, ಚಾಮುಂಡಿಯ ಒಕ್ಕಲಾದ ಅರಸರು ಮೂವರೂ ಹಿಂಬದಿಯನ್ನು ಬದಲಿಸಿದರು, ಮುಂಬದಿಯನ್ನು ಮುಟ್ಟಲಿಲ್ಲ. ಹಿಂಬದಿ ಆಳುವವನದು, ಮುಂಬದಿ ಸಂತೆಯದು.

ಇದನ್ನು ಹೈದರನ ಔದಾರ್ಯ ಎಂದು ಹೊಗಳುವವರಿದ್ದಾರೆ, ಬರಿಯ ಲೆಕ್ಕಾಚಾರ ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡಕ್ಕೂ ನಡುವೆ ಒಂದು ದಾರಿ ಇದೆ, ಅದು ನಮ್ಮ ಶಾಸನಗಳಲ್ಲೇ ಇದೆ. ದತ್ತಿ ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರು, ಲಿಂಗ, ಕರುವಿಗೆ ಹಾಲೂಡಿಸುವ ಹಸು. ಕಲ್ಲಿನ ಕೊನೆಯಲ್ಲಿ ದತ್ತಿ ಕೆಡಿಸಿದವರಿಗೆ ಶಾಪ. ಆ ಲಿಂಗಕ್ಕೆ ಯಾರೂ ಅಭಿಷೇಕ ಮಾಡುವುದಿಲ್ಲ. ಅದು ನೋಡುತ್ತಿದೆ ಎಂಬುದೇ ಅದರ ಕೆಲಸ. ವಿಜಯನಗರದ ಅರಸರಂತೂ ತಮ್ಮ ಶಾಸನಗಳಿಗೆ ಸ್ವಂತ ಹೆಸರಿನ ಬದಲು ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂದು ರುಜು ಹಾಕಿಸುತ್ತಿದ್ದರು. ತಿರುಮಲೆಯ ಒಡೆಯನಿಗೆ ಚಿನ್ನ ಸುರಿದ ಕೃಷ್ಣದೇವರಾಯನ ತಾಮ್ರಪಟಗಳಲ್ಲೂ ಆ ವಿರೂಪಾಕ್ಷನ ರುಜುವೇ ಇದೆ. ಇದನ್ನು ಇಷ್ಟದೈವದ ಗೊಂದಲ ಎನ್ನಲಾಗದು. ರಾಜನ ಮಾತಿಗೆ ರಾಜನಿಗಿಂತ ದೊಡ್ಡವನೊಬ್ಬ ಹೊಣೆ ಎಂಬ ಭಾವ ಅದು. ಕಲ್ಲಿನ ಶಾಸನವನ್ನು ಕುಗ್ಗಿಸಿ ಸೊಂಟದ ಚೀಲಕ್ಕೆ ಹಿಡಿಸುವಂತೆ ಮಾಡಿದರೆ ಅದೇ ವರಾಹ. ಹಾಗಾಗಿ ಹೈದರ್ ಮಾಡಿದ್ದು ಔದಾರ್ಯದ ಮಾದರಿಯೂ ಅಲ್ಲ, ಸೋಗಲಾಡಿತನವೂ ಅಲ್ಲ. ನಾಡಿನ ಕರಾರುಪತ್ರಕ್ಕೆ ಹಳೆಯ ಸಾಕ್ಷಿಯನ್ನು ಉಳಿಸಿಕೊಂಡ ಅಷ್ಟೆ. ಇಂಥದ್ದು ಮೈಸೂರಿಗೇ ವಿಶೇಷವೂ ಅಲ್ಲ. 12ನೆಯ ಶತಮಾನದ ಕೊನೆಯಲ್ಲಿ ಉತ್ತರ ಭಾರತವನ್ನು ಗೆದ್ದ ಘೋರಿ ಮಹಮ್ಮದನ ಚಿನ್ನದ ನಾಣ್ಯಗಳಲ್ಲೂ ಕೂತ ಲಕ್ಷ್ಮಿ ಇದ್ದಾಳೆ, ಹಿಂದೆ ಅವನ ಹೆಸರು ನಾಗರಿಯಲ್ಲಿದೆ. ಅವನನ್ನು ಲಕ್ಷ್ಮೀಭಕ್ತ ಎನ್ನುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ.

ಭಕ್ತರ ಆಕ್ಷೇಪ ಇಲ್ಲಿ ಏಳುತ್ತದೆ. ದೇವರ ರೂಪ ಇದ್ದಲ್ಲಿ ದೇವರಿದ್ದಾನೆ, ಸಾಕ್ಷಿ ಎಂದು ಕರೆದ ಮಾತ್ರಕ್ಕೆ ಅವನ ದೈವತ್ವ ಕಡಿಮೆಯಾಗುತ್ತದೆಯೇ? ಕಡಿಮೆಯಾಗುವುದಿಲ್ಲ, ಆದರೆ ಸಂಬಂಧ ಬದಲಾಗುತ್ತದೆ. ಆಗಮಗಳ ಪ್ರಕಾರ ಪ್ರಾಣಪ್ರತಿಷ್ಠೆ ಆಗುವವರೆಗೆ ಶಿಲ್ಪಿಯ ಕೈಯ ಕಲ್ಲು ಕಲ್ಲೇ. ಟಂಕಸಾಲೆಯಲ್ಲಿ ಸುತ್ತಿಗೆ ಏಟು ಇತ್ತು, ಪ್ರತಿಷ್ಠೆ ಇರಲಿಲ್ಲ. ಮುಕ್ಕಾದ ವಿಗ್ರಹವನ್ನು ಮಂತ್ರಪೂರ್ವಕ ನೀರಿಗೆ ಬಿಡುವ ಜನರೇ ಸವೆದ ವರಾಹವನ್ನು ಅಕ್ಕಸಾಲಿಗನ ಕುಲುಮೆಗೆ ಹಾಕಿ ಮಗಳ ಓಲೆ ಮಾಡಿಸಿದರು, ಆಗ ಯಾವ ಪುರೋಹಿತರನ್ನೂ ಕರೆಯಲಿಲ್ಲ. ಚಿನಿವಾರ ಆ ಶಿವಪಾರ್ವತಿಯರನ್ನು ಒರೆಗಲ್ಲಿಗೆ ಉಜ್ಜಿ ಬಣ್ಣ ನೋಡಿ, ಮಾಸಿದ್ದರೆ ಬಟ್ಟ ಕಳೆದು ಬೆಲೆ ಕಟ್ಟಿದ. ಇದಕ್ಕಿಂತ ಮುಖ್ಯವಾದ ಪುರಾವೆ ಮಡಿ ಮೈಲಿಗೆಯದು. ಸ್ವಾತಂತ್ರ್ಯ ಬರುವವರೆಗೂ ಎಷ್ಟೋ ಗುಡಿಗಳ ಹೊಸಿಲು ದಲಿತರಿಗೆ ನಿಷಿದ್ಧವಾಗಿತ್ತು. ಚಿನ್ನದ ಹಣ ಅವರ ಕೈಗೆ ಬರುವುದು ಅಪರೂಪವೇ ಇರಬಹುದು, ಆದರೆ ಬಂದಾಗ ಅದರ ಮೇಲಿನ ನರಸಿಂಹ ಮೈಲಿಗೆಯಾದನೆಂದು ಹಣವನ್ನು ಬೇಡವೆಂದ ಸಾಹುಕಾರ ಇರಲಿಲ್ಲ. ಗರ್ಭಗುಡಿಯ ನರಸಿಂಹನಿಗೆ ಮಡಿ ಬೇಕಿತ್ತು, ಹಣದ ನರಸಿಂಹನಿಗೆ ಬೇಕಿರಲಿಲ್ಲ. ಮಡಿವಂತರೇ ಒಳಗೊಳಗೆ ಒಪ್ಪಿಕೊಂಡಿದ್ದ ಈ ವ್ಯತ್ಯಾಸವನ್ನು ಇಂದಿನ ವಾದಗಳು ಮರೆತಿವೆ. ಗುಡಿಯ ಹೊಸಿಲಲ್ಲಿ ಎಷ್ಟು ಕಟ್ಟುನಿಟ್ಟೋ ಗಲ್ಲಾಪೆಟ್ಟಿಗೆಯಲ್ಲಿ ಅಷ್ಟು ಸಡಿಲ ಎಂಬುದು ಅಂಥ ಧರ್ಮಕ್ಕೆ ಶೋಭೆ ತರುವ ಮಾತಲ್ಲ, ನಿಜ. ಅದು ಬೇರೆಯದೇ ಲೇಖನ.

ಈಗ ಈ ವಾದಕ್ಕೆ ಎಲ್ಲಕ್ಕಿಂತ ಕಷ್ಟ ಕೊಡುವ ನಾಣ್ಯಕ್ಕೆ ಬರೋಣ. ಟಿಪ್ಪು ಸುಲ್ತಾನನ ಅಹಮದಿ ಚಿನ್ನದ ಮೊಹರು, ನಾಲ್ಕು ವರಾಹಗಳ ತೂಕದ್ದು, ಸುಮಾರು ಹದಿಮೂರೂವರೆ ಗ್ರಾಂ. ಅದರ ಅರ್ಧ ಸಿದ್ದಿಕಿ, ಕಾಲು ಭಾಗ ಫಾರೂಕಿ. ಪೇಟೆಯ ಕೊಡುಕೊಳ್ಳುವಿಕೆಗೆ ಹಣ ಸಾಕಿತ್ತು, ದೊಡ್ಡ ಲೇವಾದೇವಿಗೆ ವರಾಹ ಸಾಕಿತ್ತು. ಅಹಮದಿಯಂಥ ಭಾರಿ ನಾಣ್ಯ ಹೊರಟದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಖಜಾನೆ ಹರಿದು ಹಂಚಿಹೋಯಿತು. ಅಹಮದಿಯ ಮೇಲೆ ಯಾವ ಚಿತ್ರವೂ ಇಲ್ಲ. ಎರಡೂ ಮುಖದಲ್ಲಿ ಬರಹವೇ: ಅಹಮದನ ಧರ್ಮ ಹೈದರನ ವಿಜಯದಿಂದ ಲೋಕದಲ್ಲಿ ಬೆಳಗಿತು ಎಂಬರ್ಥದ ಪಾರಸಿ ಮಾತು ಒಂದು ಕಡೆ, ಸುಲ್ತಾನನು ಅವನೊಬ್ಬನೇ, ನ್ಯಾಯವಂತ ಎಂಬರ್ಥದ ಮಾತು ಇನ್ನೊಂದು ಕಡೆ. 'ಅವನು' ಯಾರು? ದೇವರೋ ದೊರೆಯೋ? ಬೇಕೆಂದೇ ಹಾಗೆ ಬಿಟ್ಟಂತಿದೆ, ಏಕೆಂದರೆ ಟಿಪ್ಪು ತನ್ನ ಹೆಸರನ್ನು ಯಾವ ನಾಣ್ಯದಲ್ಲೂ ಹಾಕಲಿಲ್ಲ. ಅಹಮದಿ ಎಂಬುದು ಪ್ರವಾದಿಯ ಹೆಸರಿನಿಂದ, ಸಿದ್ದಿಕಿ ಖಲೀಫ ಅಬೂಬಕರರಿಂದ, ಫಾರೂಕಿ ಖಲೀಫ ಉಮರರಿಂದ ಬಂದದ್ದು. ಅಂದರೆ ತಂದೆ ಉಳಿಸಿಕೊಂಡ ಶಿವಪಾರ್ವತಿಯರನ್ನು ಮಗ ತೆಗೆದುಹಾಕಿದ. ನಾಣ್ಯದ ದೇವರು ಕೇವಲ ಸಾಕ್ಷಿಯಾಗಿದ್ದರೆ ಅವನನ್ನು ಬದಲಿಸುವ ತುರ್ತು ಏಕೆ, ಬದಲಿಸಿದ್ದೇ ಅದು ಮತದ ವಿಷಯ ಎಂಬುದಕ್ಕೆ ಸಾಕ್ಷ್ಯವಲ್ಲವೇ ಎಂದು ಕೇಳಬಹುದು.

ಮತದ ವಿಷಯ ಹೌದು. ಟಿಪ್ಪುವಿಗೆ ಧರ್ಮದ ಹುರುಪು ಇರಲಿಲ್ಲ ಎಂದು ವಾದಿಸುವುದು ಆ ನಾಣ್ಯವನ್ನು ಓದದವರ ಮಾತು. ಆದರೆ ಅವನು ಬದಲಿಸಿದ್ದು ಸಾಕ್ಷಿಯನ್ನು, ಸಾಕ್ಷಿ ಬೇಕೆಂಬ ಕಟ್ಟಳೆಯನ್ನಲ್ಲ. ಮೂರ್ತಿಯ ಜಾಗಕ್ಕೆ ಬರಹ ಬಂತು, ಪಾರ್ವತಿಯ ಪತಿಯ ಜಾಗಕ್ಕೆ ಪ್ರವಾದಿ ಮತ್ತು ಖಲೀಫರ ಹೆಸರು ಬಂತು. ತೂಕ ಹಳೆಯ ವರಾಹದ್ದೇ ಉಳಿಯಿತು. 7ನೆಯ ಶತಮಾನದ ಕೊನೆಯಲ್ಲಿ ಖಲೀಫ ಅಬ್ದುಲ್ ಮಲಿಕ್ ತನ್ನ ದಿನಾರಿನಿಂದ ಚಿತ್ರವನ್ನೆಲ್ಲ ತೆಗೆಸಿ ಬರಹ ಮಾತ್ರ ಉಳಿಸಿದ ಪದ್ಧತಿಯೂ ಇದೇ. ಅಲ್ಲಿಯೂ ಚಿನ್ನಕ್ಕೆ ದೇವರ ಹೆಸರಿನ ಹೊಣೆ ತಪ್ಪಲಿಲ್ಲ. ಇನ್ನು ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ ನಿಂತೇ ಇತ್ತು, ಒಡೆಯರೂ ಆ ಆನೆಯನ್ನು ಮುಂದುವರಿಸಿದರು. ಟಿಪ್ಪುವಿನ ನಾಣ್ಯಗಳನ್ನು ಜನ ಹೇಗೆ ಕಂಡರು ಎಂಬುದಕ್ಕೆ ಶೃಂಗೇರಿಯಲ್ಲಿ ಪುರಾವೆ ಇದೆ. 1791ರಲ್ಲಿ ಮರಾಠಾ ಸೇನೆಯ ಸವಾರರು ಮಠವನ್ನು ದೋಚಿ ಶಾರದೆಯ ಮೂರ್ತಿಯನ್ನು ಸ್ಥಾನಪಲ್ಲಟ ಮಾಡಿದಾಗ ಜಗದ್ಗುರುಗಳು ಟಿಪ್ಪುವಿಗೆ ಬರೆದರು. ಮರುಪ್ರತಿಷ್ಠೆಗಾಗಿ ಇನ್ನೂರು ರಾಹತಿ ನಗದು, ಇನ್ನೂರು ರಾಹತಿಯ ಸಾಮಗ್ರಿ ಕೊಡುವಂತೆ ಅವನು ನಗರದ, ಅಂದರೆ ಬಿದನೂರಿನ, ಅಧಿಕಾರಿಯಾದ ಆಸಫನಿಗೆ ಹುಕುಂ ಕಳಿಸಿದ. ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದ ಕನ್ನಡದ ಕಾಗದಗಳಲ್ಲಿ ಇದೆಲ್ಲ ಇದೆ. ರಾಹತಿ ಎಂದರೆ ಟಿಪ್ಪುವಿನ ಚಿನ್ನದ ನಾಣ್ಯ. ಒಬ್ಬ ದೇವಿಯ ಚಿತ್ರವೂ ಇಲ್ಲದ, ಪಾರಸಿ ಅಕ್ಷರ ಹೊತ್ತ ಚಿನ್ನ ಶಾರದೆಯ ಪ್ರತಿಷ್ಠೆಗೆ ಸಂದಿತು. ಪ್ರಾಣಪ್ರತಿಷ್ಠೆಯ ಸೂಕ್ಷ್ಮವನ್ನೆಲ್ಲ ಅರೆದು ಕುಡಿದಿದ್ದ ಮಠ ಅದನ್ನು ಬೇಡ ಎನ್ನಲಿಲ್ಲ. ಟಿಪ್ಪು ಕೊಟ್ಟದ್ದು ರಾಜಕಾರಣಕ್ಕೆ ಎನ್ನುವವರಿದ್ದಾರೆ, ಇರಲಿ. ಕೊಟ್ಟವನ ಮನಸ್ಸು ಇಲ್ಲಿಯ ಪ್ರಶ್ನೆಯಲ್ಲ, ತೆಗೆದುಕೊಂಡವರ ಶಾಸ್ತ್ರ ಪ್ರಶ್ನೆ. ನಾಣ್ಯದ ಮೇಲಿನ ದೇವರು ಪೂಜೆಯ ದೇವರಾಗಿದ್ದರೆ ಅನ್ಯಮತದ ಸಾಕ್ಷಿ ಹೊತ್ತ ಚಿನ್ನ ಪೀಠದ ಮೆಟ್ಟಿಲು ಹತ್ತುತ್ತಿರಲಿಲ್ಲ.

ಹೊರಗಿನ ಎರಡು ಉದಾಹರಣೆ ಇದನ್ನು ಇನ್ನೂ ನಿಚ್ಚಳ ಮಾಡುತ್ತವೆ. ವಿಗ್ರಹವನ್ನು ಕಟುವಾಗಿ ನಿಷೇಧಿಸಿದ ಯೆಹೂದ್ಯರ ಜೆರುಸಲೇಮಿನ ದೇವಾಲಯದಲ್ಲಿ ಕಾಣಿಕೆ ತೆರಲು ನಡೆಯುತ್ತಿದ್ದದ್ದು ಟೈರ್ ಪಟ್ಟಣದ ಬೆಳ್ಳಿ ನಾಣ್ಯ. ಅದರ ಮೇಲೆ ಮೆಲ್ಕಾರ್ತ್ ಎಂಬ ಅನ್ಯದೇವನ ತಲೆ ಇತ್ತು. ಬೆಳ್ಳಿ ಅಪ್ಪಟವಾಗಿತ್ತು, ಅದಕ್ಕೇ ನಡೆಯಿತು. ನಮ್ಮ ಪುತಳಿ ಸರದ ಕಥೆಯೂ ಹೀಗೆಯೇ. ಸಮುದ್ರವ್ಯಾಪಾರದಲ್ಲಿ ಬಂದ ವೆನಿಸ್ಸಿನ ಡುಕಾಟಿನ ಒಂದು ಕಡೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆ, ಇನ್ನೊಂದು ಕಡೆ ಕ್ರಿಸ್ತ. ದಕ್ಷಿಣದ ಹೆಣ್ಣುಮಕ್ಕಳು ಅದನ್ನು, ಅದನ್ನು ನೋಡಿ ಮಾಡಿದ ಬಿಲ್ಲೆಗಳನ್ನು ಸರವಾಗಿ ಪೋಣಿಸಿ ಕೊರಳಿಗೆ ಹಾಕಿಕೊಂಡರು. ನಾಣ್ಯ ಸಂತೆಯಲ್ಲಿ ಇದ್ದಷ್ಟು ದಿನ ಯಾವ ದೇವರಾದರೂ ಸಾಕ್ಷಿ ನಿಲ್ಲಬಹುದು ಎಂಬುದು ಇಲ್ಲಿ ಕಾಣುತ್ತದೆ. ಸಂತೆ ಬಿಟ್ಟು ಕೊರಳಿಗೋ ಪೆಟ್ಟಿಗೆಗೋ ಬಂದಾಗ ಅದು ಬೇರೆಯೇ ವಸ್ತು, ಆಗ ಅದಕ್ಕೆ ಅರಿಶಿನವೂ ಬೀಳುತ್ತದೆ. ಪೂಜೆಗೆಂದೇ ಮಾಡಿದ ರಾಮಟಂಕಗಳು, ಅಂದರೆ ಸೀತಾರಾಮರ ಪಟ್ಟಾಭಿಷೇಕ ಮೂಡಿಸಿದ ದೊಡ್ಡ ಬಿಲ್ಲೆಗಳು, ಚಲಾವಣೆಗೆ ಬರಲೇ ಇಲ್ಲ. ಅವನ್ನು ತೋರಿಸಿ 'ನಾಣ್ಯಕ್ಕೆ ಪೂಜೆ ಇತ್ತಲ್ಲ' ಎನ್ನುವುದು ಸರಿಯಲ್ಲ, ಅವು ನಾಣ್ಯದ ಆಕಾರದ ವಿಗ್ರಹಗಳು.

ಸಾಕ್ಷಿಗೆ ನಿಲ್ಲಿಸುವುದು ದೇವರನ್ನು ಕೀಳು ಮಾಡಿದಂತಲ್ಲವೇ ಎಂಬ ಅಳುಕು ಇನ್ನೂ ಉಳಿದಿರಬಹುದು. ನಮ್ಮ ದರ್ಶನಗಳು ಸಾಕ್ಷಿಗೆ ಕೊಟ್ಟ ಸ್ಥಾನ ಕಡಿಮೆಯದಲ್ಲ. ಶಂಕರರ ಅದ್ವೈತದಲ್ಲಿ ಸಾಕ್ಷಿಚೈತನ್ಯ ಎಲ್ಲವನ್ನೂ ಬೆಳಗುತ್ತದೆ, ಯಾವುದಕ್ಕೂ ಅಂಟುವುದಿಲ್ಲ. ಮಧ್ವರಲ್ಲಿ ಸಾಕ್ಷಿ ಜೀವನೊಳಗಿನ ಅರಿವಿನ ಇಂದ್ರಿಯ. ಕಂಡದ್ದು ನಿಜವೋ ಹುಸಿಯೋ ಎಂದು ಕೊನೆಯ ತೀರ್ಪು ಕೊಡುವುದು ಅದರ ಕೆಲಸ. ನಾಣ್ಯದ ದೇವರಿಗೆ ಈ ತತ್ತ್ವಗಳನ್ನು ನೇರವಾಗಿ ಅಂಟಿಸಲಾಗದು. ಅಲ್ಲಿ ಮಾತು ಆತ್ಮದ್ದು, ಇಲ್ಲಿ ಸಂತೆಯದು. ಆದರೂ ಇಂಥ ವಿಚಾರ ಬೆಳೆದ ನಾಡಿನಲ್ಲಿ, ನೋಡುತ್ತಾ ಇದ್ದು ಅಂಟಿಕೊಳ್ಳದ ದೇವರ ಕಲ್ಪನೆ ಸಾಮಾನ್ಯರಿಗೂ ಪರಿಚಿತವಾಗಿತ್ತು ಎನ್ನಬಹುದು. ಲಂಚಕ್ಕೂ ದಾನಕ್ಕೂ ಒಂದೇ ವರಾಹ ಕೈ ಬದಲಿಸಿತು, ಶಿವಪಾರ್ವತಿಯರಿಗೆ ಎರಡೂ ಅಂಟಲಿಲ್ಲ. ಕ್ರೈಸ್ತರ ಸುವಾರ್ತೆಯಲ್ಲಿ ಯೇಸು ನಾಣ್ಯದ ಮೇಲಿನ ಮುಖ ಯಾರದೆಂದು ಕೇಳಿ, ಚಕ್ರವರ್ತಿಯದೆಂದು ಉತ್ತರ ಬಂದಾಗ, ಅವನದು ಅವನಿಗೆ, ದೇವರದು ದೇವರಿಗೆ ಎಂದು ಗೆರೆ ಎಳೆದ ಪ್ರಸಂಗ ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದ ಹಣವನ್ನು ಹಿಡಿದು ಅದೇ ಪ್ರಶ್ನೆ ಕೇಳಿದ್ದರೆ ಉತ್ತರ ಅಷ್ಟು ಸಲೀಸಾಗುತ್ತಿರಲಿಲ್ಲ. ಒಂದು ಮುಖ ದೇವರದು, ಒಂದು ಮುಖ ದೊರೆಯದು, ಬೆಲೆ ಕಟ್ಟುವವನು ಚಿನಿವಾರ.

ದೇವರು ಚಿನ್ನದಿಂದ ಇಳಿದದ್ದು ಯಾವ ಧರ್ಮಯುದ್ಧದಿಂದಲೂ ಅಲ್ಲ. ವಿಷ್ಣುವಿನ ಮೂರ್ತಿಯುಳ್ಳ ಪಗೋಡವನ್ನು, ಅಂದರೆ ವರಾಹವನ್ನು, ತಾನೇ ಅಚ್ಚುಹಾಕಿಸುತ್ತಿದ್ದ ಈಸ್ಟ್ ಇಂಡಿಯಾ ಕಂಪನಿ 1818ರಲ್ಲಿ ಮದರಾಸಿನಲ್ಲಿ ಬೆಳ್ಳಿ ರೂಪಾಯಿಯನ್ನು ಮೂಲ ನಾಣ್ಯ ಮಾಡಿತು. 1835ರಿಂದ ಕಂಪನಿಯ ಆಡಳಿತದಲ್ಲೆಲ್ಲ ಒಂದೇ ರೂಪಾಯಿ, ಮೇಲೆ ಇಂಗ್ಲೆಂಡಿನ ದೊರೆಯ ತಲೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಹೊಣೆ ಸರ್ಕಾರದ್ದಾಯಿತು, ಬರಬರುತ್ತಾ ಕಾಗದದ ಮೇಲಿನ ಗವರ್ನರನ ರುಜುವಿಗೆ ಇಳಿಯಿತು. ಸಾಕ್ಷಿಯ ಕೆಲಸದಿಂದ ಬಿಡುಗಡೆಯಾದ ಲಕ್ಷ್ಮಿ ನೇರ ದೇವರ ಗೂಡಿಗೆ ನಡೆದಳು. ಹಾಗಾಗಿ ಅಕ್ಷಯ ತೃತೀಯೆಯ ಬಿಲ್ಲೆಗೆ ಪೂಜೆ ಮಾಡುವುದು ಹಳೆಯ ಪದ್ಧತಿಯ ಮುಂದುವರಿಕೆಯೂ ಅಲ್ಲ, ಅದರ ಕೇಡೂ ಅಲ್ಲ. ಅದು ದುಡ್ಡೇ ಅಲ್ಲ, ಯಾವ ಅಂಗಡಿಯಲ್ಲೂ ಅದನ್ನು ಕೊಟ್ಟು ತೊಗರಿಬೇಳೆ ತರಲಾಗದು. ಅದನ್ನು ಪೂಜಿಸುವವರನ್ನು ದುಡ್ಡಿನ ಆರಾಧಕರೆಂದು ಜರೆಯುವುದು ಅನ್ಯಾಯ.

ಸರ್ಕಾರದ ನಾಣ್ಯದ ಮೇಲೆ ದೇವರು ಇನ್ನು ಬರಬಾರದೇ? ತಂಜಾವೂರಿನ ಬೃಹದೀಶ್ವರ ಗುಡಿಯ ಮತ್ತು ವೈಷ್ಣೋದೇವಿಯ ಚಿತ್ರವುಳ್ಳ ಈಚಿನ ನಾಣ್ಯಗಳನ್ನು ಹಿಂದಕ್ಕೆ ಪಡೆಯಬೇಕೆಂಬ ಅರ್ಜಿಯನ್ನು ದೆಹಲಿ ಹೈಕೋರ್ಟು 2018ರಲ್ಲಿ ತಳ್ಳಿಹಾಕಿತು. ತೀರ್ಪು ಸರಿಯೇ. ಆದರೆ ಆ ಚಿತ್ರಗಳು ಸ್ಮರಣೆಗೆ ಬಂದವು, ಹೊಣೆಗಲ್ಲ. ಐದು ರೂಪಾಯಿಯ ಬೆಲೆಗೆ ಈಗ ದೇವಿ ಸಾಕ್ಷಿ ಹೇಳಬೇಕಿಲ್ಲ. ಹೈದರನ ಶಿವಪಾರ್ವತಿಯರನ್ನು ತೋರಿಸಿ ಅವನನ್ನು ಮೆಚ್ಚುವವರೂ, ಟಿಪ್ಪುವಿನ ಅಹಮದಿಯನ್ನು ತೋರಿಸಿ ಅವನನ್ನು ಹಳಿಯುವವರೂ ಎರಡೂ ನಾಣ್ಯಗಳ ಹಿಂಬದಿಯನ್ನು ಒಮ್ಮೆ ತಿರುವಿ ನೋಡಲಿ. 2015ರ ನವೆಂಬರಿನಲ್ಲಿ ಭಾರತ ಸರ್ಕಾರ ತನ್ನದೇ ಚಿನ್ನದ ನಾಣ್ಯವನ್ನು ಹೊರತಂದಾಗ ಒಂದು ಮುಖಕ್ಕೆ ಅಶೋಕ ಚಕ್ರ, ಇನ್ನೊಂದಕ್ಕೆ ಗಾಂಧಿ ಬಂದರು. ಚಿನ್ನದ ಅಪ್ಪಟತನಕ್ಕೆ ಹೊಣೆ ಹೊತ್ತದ್ದು ಮಾತ್ರ ಅವೆರಡೂ ಅಲ್ಲ, ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್. ಅಕ್ಷಯ ತೃತೀಯೆಗೆ ಲಕ್ಷ್ಮಿಯನ್ನು ಕೊಳ್ಳುವವರು ಲಕ್ಷ್ಮಿಗೆ ಕೈಮುಗಿಯಲಿ, ಕೊಳ್ಳುವ ಮುನ್ನ ಆ ಗುರುತನ್ನೂ ನೋಡಲಿ.